ಕಮಾನು

ನಮ್ಮ ಉಮದಿಯೊಳಗ ಮರಕ್ಕ ಮರ ಅನ್ನೂದಿಲ್ಲ.
ಆನಿಯಷ್ಟು ದಪ್ಪ ಬೆಳೆದ್ರೂ ಅದು ಗಿಡಾನ.
ನೆಡೂದೂ ಇಲ್ಲ ನಾವು. ಹಚ್ತೀವಿ,
ದೀಪ ಹಚ್ಚಿಧಾಂಗ.

ನೌಕರಿ ಮುಗಿದ ವರ್ಷ
ಚಡಚಣದ ಹಾದಿಗೆ ಎರಡು ಖೋಲಿ ಕಟ್ಟಿಸಿ
ಗೇಟಿನ ಹಂತ್ಯಾಕ ಎರಡು ಬೇವು ಹಚ್ಚಿದೆ,
ಎಡಕ್ಕೊಂದು ಬಲಕ್ಕೊಂದು, ನಡುವ ಎಂಟು ಗೇಣು.
ಇವನ್ನ ಬಗ್ಗಿಸಿ ಕಮಾನು ಮಾಡ್ತೀನಿ ಅಂದೆ.
ಸಿಸ್ಟರಬಾಯಿಗೆ ಪೆನ್ಶನ್ ಜಾಸ್ತಿ ಆತು ಅಂದ್ರು ಮಂದಿ.
ಬಗೀಚಾ ಅಂದ್ರ ಏನಿತ್ತು ಆಗ?
ನಾಕು ಗುಂಟೆ ಗರಸು, ಒಂದು ತುಳಸಿ,
ತಳ ಹೋದ ಕೊಡದಾಗ ಒಂದು ದುಂಡುಮಲ್ಲಿಗಿ.

ವೆಲ್ಡಿಂಗ್ ಅಂಗಡಿ ಲಾಡಲೇಸಾಬ ಬಂದ.
ಮದುವಿ ಪೆಂಡಾಲಿನ ಹಳೆ ಕಮಾನು ತಂದ ಸೈಕಲ್ ಮ್ಯಾಲ,
ಶಿವನ ಬಿಲ್ಲು ಕದ್ದವರಂಗ.
ತುಕ್ಕು ಹಿಡಿದ ಕಬ್ಬಿಣದಾಗ ಮೂರಕ್ಷರ: ಸ್ವಾಗತ.
'ಇದರ ಮ್ಯಾಲ ಬಗ್ಗಿಸ್ರಿ. ಗಿಡ ದಾರಿ ಕಲಿತ ಮ್ಯಾಲ
ಬಿಚ್ಕೊಂಡು ಹೋಗ್ತೀನಿ. ಬಾಡಿಗಿ ಬ್ಯಾಡ.'

ಆತನ ಎರಡನೆ ಮಗಳು ಹುಟ್ಟುವಾಗ
ಕಾಲು ಮುಂದ ಬಂದಿದ್ವು.
ರಾತ್ರಿ. ಜತ್ತಕ್ಕ ಹೋಗಾಕ ಗಾಡಿ ಇರಲಿಲ್ಲ.
ಆ ಲೆಕ್ಕ ಆತನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹಳೆ ಸೀರಿ ಹರಿದು ಕಟ್ಟಿದೆ,
ಮುರಿದ ಕೈಗೆ ಪಟ್ಟಿ ಕಟ್ಟಿದಷ್ಟು ಸಡಿಲ:
ಬೆರಳು ಹೋಗಬೇಕು, ರಕ್ತ ನಿಲ್ಲಬಾರದು.
ಬಲಗಡೆದು ಮಾಳವ್ವನ ಆಡು ತಿಂತು.
ಮತ್ತ ಹಚ್ಚಿದೆ. ಮತ್ತ ತಿಂತು, ಅದೇ ಆಡು,
ಬಸುರಿ ಇತ್ತು ಪಾಪ.
ಮೂರನೆ ಸಲ ಹುಲಗಲ ಹಚ್ಚಿದೆ.
ಆಡು ಮೂಸಿ ನೋಡಿ ಮುಂದ ಹೋತು.

ಹಿಂಗಾಗಿ ಒಂದು ಮುಂದ, ಒಂದು ಹಿಂದ.
ಬೇವು ಕಬ್ಬಿಣ ಹಿಡಿದು ಹತ್ತಿತು,
ಹತ್ತಿಕೋತ ದಪ್ಪಾತು,
ದಪ್ಪಾಗಿಕೋತ ಹಿಡಿದದ್ದನ್ನ ನುಂಗಾಕ ಸುರು ಮಾಡಿತು.
ಮೊದಲು 'ಸ್ವಾ' ಹೋತು.
ಎರಡು ವರ್ಷ ನನ್ನ ಗೇಟಿನ ಮ್ಯಾಲ
'ಗತ' ಅಂತ ಇತ್ತು.
ಪೋಸ್ಟಿನಂವ ಓದಿ ಒಳಗ ಬರಲಿಲ್ಲ, ಹೊರಗ ನಿಂತು ಕೂಗಿದ.
ಮರಾಠಿ ಸಾಲಿ ಮಾಸ್ತರು ಹೇಳಿದ್ರು,
'ನಮ್ಮ ಲಿಪಿಯೊಳಗ ಬರದಿದ್ರೂ ಇಷ್ಟ ಉಳೀತಿತ್ತು, ಬಾಯಿ.'
ಬಣ್ಣ ಬಡಿದು ಅಳಿಸಲೇನು ಅಂತ ಯಾರೋ ಕೇಳಿದ್ರು.
ಬ್ಯಾಡಂದೆ. ಮೂವತ್ತು ವರ್ಷ ಹೆರಿಗಿ ಮಾಡಿಸಿದಾಕಿ ನಾ,
ಬರೂದು ಹೋಗೂದು ಒಂದ ಬಾಗಿಲದಾಗ ಕಂಡಾಕಿ.

ಹುಲಗಲ ಹಟಮಾರಿ.
ಎಳದ್ರ ಒಂದು ಟೊಂಗಿ ಲಟಕ್ಕಂತು,
ಬಿಟ್ರ ರಸ್ತಾದ ಕಡೆ ವಾಲಿತು, ಬಸ್ಸು ನೋಡಾಕ.
ಕಡೀಗೆ ತಾನ ತಿರುಗಿತು,
ನಾ ನೋಡೂದು ಬಿಟ್ಟ ಒಂದು ಶ್ರಾವಣದಾಗ.
ನೆತ್ತಿಗೆ ಇನ್ನೂ ಒಂದು ಗೇಣು ಸಂದಿ ಐತಿ.
ಅಲ್ಲಿ 'ತ'ದ ಬಾಲ ಅಷ್ಟ ಕಾಣತೈತಿ,
ಗುಬ್ಬಿ ಕೂಡಾಕ ಸಾಕು.
ಚೈತ್ರದಾಗ ಬೇವಿನ ಹೂವು, ಹುಲಗಲ ಹೂವು
ಕೂಡೇ ಉದುರತಾವ.
ಕಸಬರಿಗಿಗೆ ಬ್ಯಾರೆ ಮಾಡಾಕ ಬರೂದಿಲ್ಲ.

ಹೋದ ವಾರ ಲಾಡಲೇಸಾಬ ಬಂದಿದ್ದ.
ಕಿಡಿ ನೋಡಿ ನೋಡಿ ಅರ್ಧ ಕಣ್ಣು ಹೋಗ್ಯಾವ.
ಕಮಾನು ಬಿಚ್ಚಾಕ ಪಾನಾ ತಂದಿದ್ದ.
ಬೋಲ್ಟ್ ಹುಡುಕಿ ಬುಡದಿಂದ ಕೈಯಾಡಿಸಿದ.
ತೊಗಟಿ. ಮ್ಯಾಲಕ್ಕ ಹೋದ. ತೊಗಟಿ.
'ಎಲ್ಲಿ ಹೋತ್ರಿ ನನ್ನ ಕಬ್ಬಿಣ?'

ಒಳಗ ಹೋಗಿ ಟ್ರಂಕಿನಾಗಿಂದ
ಕಟಗಿ ತುತ್ತೂರಿ ತಂದೆ,
ಬಸುರಿ ಹೊಟ್ಟಿ ಮ್ಯಾಲ ಇಟ್ಟು ಕೇಳೂದು.
ಒಂದು ತುದಿ ಬೇವಿಗೆ, ಒಂದು ತುದಿ ಕಿವಿಗೆ.
ಆತ ಆ ಕಡೆಯಿಂದ ಪಾನಾದಲೆ ಮೆಲ್ಲಕ ಬಡಿದ.
ಮೊದಲು ಏನೂ ಇಲ್ಲ. ಆಮ್ಯಾಲ ಸಣ್ಣಗ,
ಭಾಳ ಒಳಗಿಂದ, ಟಿಣ್.

'ಐತಿ,' ಅಂದೆ. 'ತಲಿ ಕೆಳಗ ಐತಿ, ಸರಿ ಐತಿ.
ದಿನಾ ತುಂಬಿಲ್ಲ ಇನ್ನೂ.'

ಪಾನಾ ಚೀಲದಾಗ ಹಾಕ್ಕೊಂಡ. ಚಾ ಕುಡಿದ.
ಹೋಗುವಾಗ, ತಲಿ ಮ್ಯಾಲ ಮೊಳದಷ್ಟು ಜಾಗ ಇದ್ರೂ,
ಬಗ್ಗಿ ದಾಟಿದ.